ಬೆರಳು ಸರಿ ಇದ್ರೂ ಗೇಮ್ ಲೇಟ್ ಅಂತದಾ? ರೆಕಾರ್ಡ್ ಮಾಡಿ ಅಳೆದು ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ರಿದಮ್ ಗೇಮ್ ಬಗ್ಗೆಯೇ, ಅದೂ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಕಡೆಯಿಂದ. ಆಡದವರಿಗೆ ಎರಡು ಮಾತಲ್ಲಿ ಹೇಳುದಾದ್ರೆ, ಹಾಡು ಓಡ್ತಾ ಇರ್ತದೆ, ಸ್ಕ್ರೀನಲ್ಲಿ ನೋಟ್‌ಗಳು ಬರ್ತಾ ಇರ್ತವೆ, ತಾಳಕ್ಕೆ ಸರಿಯಾಗಿ ಕೀ ಒತ್ತಬೇಕು, ಒಂದಿಷ್ಟು ಮಿಲಿಸೆಕೆಂಡ್ ಆಚೆ ಈಚೆ ಆದ್ರೆ ಮಾರ್ಕ್ ಕಟ್. ಓಸು, ಸ್ಟೆಪ್‌ಮೇನಿಯಾ ಅಂತ ಕೆಳಗೆ ಬರುವುದು ಇಂಥ ಗೇಮ್‌ಗಳ ಹೆಸರು. ಒಂದು ಸೆಕೆಂಡಿಗೆ ಸಾವಿರ ಮಿಲಿಸೆಕೆಂಡ್, ಅಷ್ಟು ನೆನಪಿದ್ರೆ ಮುಂದಿನದ್ದೆಲ್ಲ ಅರ್ಥ ಆಗ್ತದೆ. ಇಲ್ಲಿ ಆಡಾಸಿಟಿ ಅಂತ ಪದೇ ಪದೇ ಬರುವುದು ಫ್ರೀಯಾಗಿ ಸಿಗುವ ರೆಕಾರ್ಡಿಂಗ್ ಸಾಫ್ಟ್‌ವೇರ್, 2000ದಿಂದ ಉಂಟು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡ್ತದೆ, ಹಳೆ ಲ್ಯಾಪ್‌ಟಾಪಲ್ಲೂ ಸಾಕು.

ಪ್ರಶ್ನೆ: ನನ್ನ ತಮ್ಮ ಒಂಬತ್ತನೇ ಕ್ಲಾಸು. ಎರಡು ವರ್ಷದಿಂದ ಚೆಂಡೆ ಮದ್ದಳೆ ಕಲೀತಾ ಇದ್ದಾನೆ, ಗುರುಗಳು ಇವನಿಗೆ ತಾಳ ಗಟ್ಟಿ ಉಂಟು ಅಂತಾರೆ. ಆದ್ರೆ ನನ್ನ ಲ್ಯಾಪ್‌ಟಾಪಲ್ಲಿ ಓಸು ಆಡಿದ್ರೆ ಎಲ್ಲ ನೋಟೂ ಲೇಟ್ ಇಲ್ಲಾ ಮಿಸ್. ಕ್ಲಾಸಿನ ಹುಡುಗರು ‘ನಿಂಗೆ ತಾಳವೇ ಇಲ್ಲ, ಚೆಂಡೆ ಎಂತಕ್ಕೆ’ ಅಂತ ಹೇಳಿದ್ರಂತೆ, ಈಗ ಅವ ಚೆಂಡೆ ಕ್ಲಾಸಿಗೆ ಹೋಗ್ಲಿಕ್ಕೂ ಹಿಂದೆಮುಂದೆ ನೋಡ್ತಾನೆ. ಆಡುದು ಬ್ಲೂಟೂತ್ ಇಯರ್‌ಬಡ್ ಹಾಕಿ. ಎಂತ ಮಾಡುದು? (ನೀರ್ಚಾಲಿನಿಂದ ಒಬ್ಬರು)

ಉತ್ತರ: ಮೊದ್ಲು ಆ ಇಯರ್‌ಬಡ್ ತೆಗೆದು ಡಬ್ಬದಲ್ಲಿಡಿ, ತಮ್ಮನನ್ನು ಇವತ್ತೇ ಕ್ಲಾಸಿಗೆ ಕಳಿಸಿ, ಆಮೇಲೆ ಇದನ್ನು ಓದಿ. ತಾಳ ಗಟ್ಟಿ ಇದ್ದ ಹುಡುಗನಿಗೇ ಈ ತೊಂದರೆ ಜಾಸ್ತಿ ಆಗುದು, ಯಾಕೆ ಅಂತ ಹೇಳ್ತೇನೆ.

ಬ್ಲೂಟೂತಲ್ಲಿ ಸೌಂಡ್ ಸೀದಾ ಕಿವಿಗೆ ಬರುವುದಿಲ್ಲ. ಲ್ಯಾಪ್‌ಟಾಪ್ ಅದನ್ನು ಕುಗ್ಗಿಸಿ ಸಣ್ಣ ಸಣ್ಣ ಪೊಟ್ಟಣ ಮಾಡಿ ಕಳಿಸ್ತದೆ, ಇಯರ್‌ಬಡ್ ಅದನ್ನು ಬಿಚ್ಚಿ, ನಡುವೆ ಒಂದು ಪೊಟ್ಟಣ ತಪ್ಪಿದ್ರೂ ಕಟ್ ಆಗಬಾರದು ಅಂತ ಸ್ವಲ್ಪ ಕೂಡಿಟ್ಟುಕೊಂಡು, ಆಮೇಲೆ ಕೇಳಿಸ್ತದೆ. ಸಾಮಾನ್ಯ ಇಯರ್‌ಬಡ್‌ಗಳಲ್ಲಿ ಇದಕ್ಕೆಲ್ಲ ಸೇರಿ 150ರಿಂದ 250 ಮಿಲಿಸೆಕೆಂಡ್ ಹೋಗ್ತದೆ. ವಿಡಿಯೋ ನೋಡುವಾಗ ಗೊತ್ತಾಗುದಿಲ್ಲ, ಯಾಕಂದ್ರೆ ಪ್ಲೇಯರೇ ಚಿತ್ರವನ್ನು ಅಷ್ಟು ತಡ ಮಾಡಿ ತೋರಿಸ್ತದೆ. ಗೇಮಲ್ಲಿ ಹಾಗೆ ತಡ ಮಾಡ್ಲಿಕ್ಕೆ ಆಗುದಿಲ್ಲ, ನೀವು ಒತ್ತುವ ಕೀಯನ್ನು ಅದು ಕಾಯಿಸುದು ಹೇಗೆ?

ಬಯಲಾಟಕ್ಕೆ ಹೋದಾಗ ಜಾಗ ಸಿಗದೆ ಗದ್ದೆಯ ಆ ತುದಿಯಲ್ಲಿ ಕೂತದ್ದು ನೆನಪು ಮಾಡಿ. ಚೆಂಡೆಯ ಕೋಲು ಬಿದ್ದದ್ದು ಮೊದ್ಲು ಕಾಣ್ತದೆ, ಪೆಟ್ಟು ಆಮೇಲೆ ಕೇಳ್ತದೆ. ಶಬ್ದ ನಮ್ಮ ಸೆಖೆಗೆ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗ್ತದೆ, ಅಂದ್ರೆ ಒಂದು ಮೀಟರಿಗೆ ಹತ್ತಿರ ಹತ್ತಿರ 3 ಮಿಲಿಸೆಕೆಂಡ್. ಬ್ಲೂಟೂತಲ್ಲಿ 200 ಮಿಲಿಸೆಕೆಂಡ್ ತಡ ಅಂದ್ರೆ ಭಾಗವತರನ್ನು 70 ಮೀಟರ್ ದೂರ ಕೂರಿಸಿ ನಿಮ್ಮ ತಮ್ಮನಿಗೆ ಇಲ್ಲಿಂದ ಚೆಂಡೆ ಬಾರಿಸು ಅಂದ ಹಾಗೆ ಆಯ್ತು. ಅವ ಕೇಳಿದ್ದಕ್ಕೆ ಸರಿಯಾಗಿ ಬಾರಿಸ್ತಾನೆ, ಆದ್ರೆ ಅಲ್ಲಿ ಪದ ಮುಂದೆ ಹೋಗಿ ಆಯ್ತು. 150 ಬಿಪಿಎಂ, ಅಂದ್ರೆ ನಿಮಿಷಕ್ಕೆ 150 ಬೀಟಿನ ಹಾಡಲ್ಲಿ ಒಂದು ಬೀಟಿಗೆ 400 ಮಿಲಿಸೆಕೆಂಡ್, ಅರ್ಧ ಬೀಟಿಗೆ 200. ಅಂದ್ರೆ ಅವ ಸರಿಯಾಗಿ ಒತ್ತಿದ್ದು ಕರೆಕ್ಟಾಗಿ ಮುಂದಿನ ಅರ್ಧ ಬೀಟಿನ ನೋಟಿನ ಮೇಲೆ ಹೋಗಿ ಬೀಳ್ತದೆ. ತಾಳ ಇಲ್ಲದವ ಸ್ಕ್ರೀನ್ ನೋಡಿ ಒತ್ತಿ ಹೇಗೋ ಪಾಸ್ ಆಗ್ತಾನೆ, ಕಿವಿ ನಂಬಿದವನೇ ಸೋಲುದು.

ವಯರ್ ಇರುವ ಇಯರ್‌ಫೋನ್ ಹಾಕಿದ್ರೆ ಮುಖ್ಯ ತೊಂದರೆ ಹೋಗ್ತದೆ. ಆದ್ರೂ ಸ್ವಲ್ಪ ಉಳೀತದೆ, ಕೀಬೋರ್ಡಿನದ್ದು, ಗೇಮಿನದ್ದು, ಸೌಂಡ್ ಕಾರ್ಡಿನದ್ದು ಎಲ್ಲ ಸೇರಿ. ಅದಕ್ಕೇ ಗೇಮಲ್ಲಿ ಆಫ್‌ಸೆಟ್ ಅಂತ ಒಂದು ಸೆಟ್ಟಿಂಗ್ ಇರುದು, ‘ಇಷ್ಟು ತಡ ಉಂಟು, ಅದನ್ನು ಕಳೆದು ಲೆಕ್ಕ ಹಾಕು’ ಅಂತ ಗೇಮಿಗೆ ಹೇಳುವುದು. ಎಷ್ಟು ಹಾಕುದು ಅಂತ ಅಂದಾಜಲ್ಲಿ ನೋಡ್ಲಿಕ್ಕೆ ಹೋಗ್ಬೇಡಿ, ಅಳೆಯಿರಿ.

ನಾನು ಮಾಡುದು ಹೀಗೆ. ಲ್ಯಾಪ್‌ಟಾಪಿನ ಕೀಬೋರ್ಡ್ ಹತ್ತಿರ ಒಂದು ಮೈಕ್, ಮೈಕ್ ಇಲ್ಲದಿದ್ರೆ ಫೋನಿನ ವಾಯ್ಸ್ ರೆಕಾರ್ಡರ್ ಸಾಕು. ಇಯರ್‌ಫೋನಿನ ಒಂದು ಕಡೆಯನ್ನು ಅದೇ ಮೈಕಿನ ಬಾಯಿಗೆ ತಾಗುವ ಹಾಗೆ ಇಟ್ಟು ವಾಲ್ಯೂಮ್ ಜೋರು ಮಾಡುದು. ಗೇಮ್ ಓಪನ್ ಮಾಡಿ, ಹಾಡಿನ ವಾಲ್ಯೂಮ್ ಸೊನ್ನೆ, ಹಿಟ್‌ಸೌಂಡ್ (ಕೀ ಒತ್ತಿದ್ದಕ್ಕೆ ಗೇಮ್ ಮಾಡುವ ಶಬ್ದ) ಮಾತ್ರ ಫುಲ್. ರೆಕಾರ್ಡಿಂಗ್ ಶುರು ಮಾಡಿ ಒಂದೊಂದು ಸೆಕೆಂಡ್ ಬಿಟ್ಟು ಹತ್ತು ಸಲ ಕೀಯನ್ನು ಟಕ್ ಅಂತ ಕುಟ್ಟುದು, ಕುಟ್ಟಿದ ಮೇಲೆ ಬೆರಳು ಸ್ವಲ್ಪ ಹೊತ್ತು ಅಲ್ಲೇ ಇಡುದು. ಆಮೇಲೆ ಆ ಫೈಲನ್ನು ಆಡಾಸಿಟಿಯಲ್ಲಿ ತೆರೆದು ದೊಡ್ಡದು ಮಾಡ್ತಾ ಹೋದ್ರೆ ಚಂದಕ್ಕೆ ಕಾಣ್ತದೆ: ಮೊದ್ಲು ಮುಳ್ಳಿನ ಹಾಗೆ ಸಪೂರ ಒಂದು ಗೆರೆ, ಅದು ಬೆರಳು ಕೀಗೆ ಹೊಡೆದ ಶಬ್ದ. ಮತ್ತೆ ಸ್ವಲ್ಪ ಖಾಲಿ. ಮತ್ತೆ ದಪ್ಪ ಗಂಟು, ಅದು ಇಯರ್‌ಫೋನಿಂದ ಬಂದ ಹಿಟ್‌ಸೌಂಡ್. ಮೂರನೆಯದಾಗಿ ಇನ್ನೊಂದು ಸಣ್ಣ ಮುಳ್ಳು ಕಂಡ್ರೆ ಅದು ಕೀ ಮೇಲೆ ಬಂದ ಶಬ್ದ, ಅದನ್ನು ಲೆಕ್ಕಕ್ಕೆ ಹಿಡೀಬೇಡಿ, ಬೆರಳು ಅಲ್ಲೇ ಇಡಿ ಅಂದದ್ದು ಅದಕ್ಕೇ, ಬೇಗ ಬಿಟ್ರೆ ಆ ಮುಳ್ಳು ಖಾಲಿ ಜಾಗದಲ್ಲಿ ಬಂದು ಕೂತು ಗೊಂದಲ ಮಾಡ್ತದೆ. ಮೊದಲ ಮುಳ್ಳು ಎದ್ದ ಜಾಗದಿಂದ ದಪ್ಪ ಗಂಟು ಎದ್ದ ಜಾಗದವರೆಗೆ ಮೌಸಲ್ಲಿ ಎಳೆದು ಸೆಲೆಕ್ಟ್ ಮಾಡಿ, ಕೆಳಗಡೆ ಸೆಲೆಕ್ಷನಿನ ಉದ್ದ ತೋರಿಸ್ತದೆ. ಸ್ಯಾಂಪಲ್ ಲೆಕ್ಕದಲ್ಲಿ ತೋರಿಸಿದ್ರೆ, ರೆಕಾರ್ಡಿಂಗ್ 44100 ರೇಟಿಂದಾದ್ರೆ (ಸೆಕೆಂಡಿಗೆ ಅಷ್ಟು ಸ್ಯಾಂಪಲ್) 44.1ರಿಂದ ಭಾಗಿಸಿ, ಉದಾಹರಣೆಗೆ 3307 ಸ್ಯಾಂಪಲ್ ಅಂದ್ರೆ 75 ಮಿಲಿಸೆಕೆಂಡ್.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ, ರೆಕಾರ್ಡ್ ಮಾಡುವ ಫೋನಿಗೇ ತಡ ಇರ್ತದಲ್ಲ, ಅದು ಸೇರುದಿಲ್ವಾ ಅಂತ. ಸೇರುದಿಲ್ಲ. ಎರಡು ಶಬ್ದವೂ ಒಂದೇ ಮೈಕಿನ ಒಳಗೆ ಒಂದೇ ದಾರಿಯಲ್ಲಿ ಹೋಗ್ತವೆ, ತಡ ಆದ್ರೆ ಎರಡಕ್ಕೂ ಅಷ್ಟೇ ತಡ, ನಡುವಿನ ಅಂತರ ಬದಲಾಗುದಿಲ್ಲ. ಅದಕ್ಕೇ ಕೀಯದ್ದು ಒಂದರಲ್ಲಿ ಸೌಂಡಿದ್ದು ಇನ್ನೊಂದರಲ್ಲಿ ಅಂತ ರೆಕಾರ್ಡ್ ಮಾಡ್ಲೇಬಾರದು. ಒಂದೇ ಮೈಕ್, ಒಂದೇ ಟೇಕ್.

ಇನ್ನು ಈ ಅಂತರವೇ ಯಾಕೆ ಬೇಕು? ಹಾಡು ಗೇಮಿಂದ ಹೊರಟು ಕಿವಿಗೆ ಬರುವಾಗ ಒಂದು ತಡ. ಕೇಳಿದ್ದಕ್ಕೆ ಸರಿಯಾಗಿ ಒತ್ತಿದ ಕೀ ಗೇಮಿಗೆ ಮುಟ್ಟುವಾಗ ಇನ್ನೊಂದು ತಡ. ಎರಡೂ ಸೇರಿದ್ದನ್ನೇ ಗೇಮ್ ನಿಮ್ಮ ಲೇಟ್ ಅಂತ ಬರೀತದೆ. ಹಿಟ್‌ಸೌಂಡಿನ ದಾರಿಯೂ ಅದೇ, ಕೀಯಿಂದ ಗೇಮಿಗೆ, ಗೇಮಿಂದ ಕಿವಿಗೆ. ಹಾಗಾಗಿ ನೀವು ಅಳೆದ ಅಂತರ ಮತ್ತು ನಿಮ್ಮ ಮೇಲೆ ಬೀಳುವ ಲೇಟ್ ಎರಡೂ ಹತ್ತಿರ ಹತ್ತಿರ ಒಂದೇ. ಕೆಲವು ಗೇಮ್‌ಗಳು ಸೌಂಡ್ ಡ್ರೈವರ್ ಹತ್ರ ಕೇಳಿ ಸ್ವಲ್ಪ ಭಾಗ ಮೊದಲೇ ಕಳೆದಿರ್ತವೆ, ಅದಕ್ಕೆ ಅಳೆದ ನಂಬರ್ ಹಾಕಿ ಮೂರು ನಾಲ್ಕು ಹಾಡು ಆಡಿ ನೋಡಿ, ಆಡಿದ ಮೇಲೆ ಓಸು ಸರಾಸರಿ ಎಷ್ಟು ಬೇಗ ಎಷ್ಟು ಲೇಟ್ ಅಂತ ತೋರಿಸ್ತದೆ, ಉಳಿದದ್ದನ್ನು ಅದರಿಂದ ಸರಿ ಮಾಡಿ. ಪ್ಲಸ್ಸಾ ಮೈನಸ್ಸಾ ಅನ್ನುದು ಗೇಮಿಂದ ಗೇಮಿಗೆ ಬೇರೆ, ಒಂದ್ಸಲ ಎರಡೂ ಹಾಕಿ ನೋಡಿದ್ರೆ ಯಾವುದು ಅಂತ ಕೂಡಲೇ ಗೊತ್ತಾಗ್ತದೆ.

ಈಗ ತಮ್ಮನಿಗೆ ತೋರಿಸಬೇಕಾದ್ದು. ಅದೇ ರಿಸಲ್ಟ್ ಪೇಜಲ್ಲಿ ಅನ್‌ಸ್ಟೇಬಲ್ ರೇಟ್ ಅಂತ ಒಂದು ನಂಬರ್ ಇರ್ತದೆ. ಅದು ಪೆಟ್ಟುಗಳು ಎಷ್ಟು ಚೆದುರಿವೆ ಅನ್ನುದರ ಲೆಕ್ಕ, ಹತ್ತರಿಂದ ಭಾಗಿಸಿದ್ರೆ ಮಿಲಿಸೆಕೆಂಡಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್. ಎಲ್ಲ ಪೆಟ್ಟೂ ಒಂದೇ ಸಮ 60 ಮಿಲಿಸೆಕೆಂಡ್ ತಡ ಆದ್ರೆ ಸರಾಸರಿ ಕೆಟ್ಟದಾಗಿ ಕಾಣ್ತದೆ, ಚೆದುರಿದ್ದು ಮಾತ್ರ ಕಮ್ಮಿಯೇ ಇರ್ತದೆ. ತಾಳ ಇಲ್ಲದವನ ಪೆಟ್ಟು ಹಾಗೆ ಒಂದೇ ಸಮ ತಡ ಆಗ್ಲಿಕ್ಕೆ ಸಾಧ್ಯವೇ ಇಲ್ಲ, ಒಂದು ಇಲ್ಲಿ ಒಂದು ಅಲ್ಲಿ ಬೀಳ್ತದೆ. ವಯರ್ ಇಯರ್‌ಫೋನ್ ಹಾಕಿಸಿ ಸುಲಭದ ನಾಲ್ಕು ಹಾಡು ಆಡಿಸಿ ಆ ನಂಬರನ್ನು ಕ್ಲಾಸಿನ ಹುಡುಗರ ನಂಬರಿನ ಪಕ್ಕ ಇಟ್ಟು ತಮ್ಮನಿಗೇ ತೋರಿಸಿ. ನಂಗೂ ಪಿಯುಸಿಯಲ್ಲಿ ಇದೇ ಮಾತು ಒಬ್ರು ಹೇಳಿದ್ರು, ಅಳೆದು ನೋಡ್ಲಿಕ್ಕೆ ಗೊತ್ತಿಲ್ಲದೆ ಎರಡು ವರ್ಷ ಮದ್ದಳೆ ಮುಟ್ಲಿಲ್ಲ, ಆ ಎರಡು ವರ್ಷದ ಬೇಜಾರು ಈಗಲೂ ಉಂಟು.

ಪ್ರಶ್ನೆ: ನೀವು ಹಿಂದೊಮ್ಮೆ ಹೇಳಿದ ಹಾಗೆ ಕೀ ಶಬ್ದ, ಹಿಟ್‌ಸೌಂಡ್ ಎರಡನ್ನೂ ರೆಕಾರ್ಡ್ ಮಾಡಿ ಎಂಟು ಸಲ ಅಳೆದೆ. 71, 84, 66, 79, 75, 190, 73, 82 ಬಂತು. ಪ್ರತಿ ಸಲ ಬೇರೆ ಬೇರೆ ಬಂದ್ರೆ ಯಾವುದನ್ನು ನಂಬುದು? (ಉಪ್ಪಳದಿಂದ)

ಉತ್ತರ: ಬೇರೆ ಬೇರೆ ಬಂದದ್ದು ಒಳ್ಳೇದೇ, ನೀವು ಸರಿಯಾಗಿ ಅಳೆದಿದ್ದೀರಿ ಅಂತ ಅರ್ಥ. 190 ಬಿಡಿ, ಆ ಹೊತ್ತಿಗೆ ಲ್ಯಾಪ್‌ಟಾಪ್ ಬೇರೆ ಎಂತದೋ ಮಾಡ್ತಾ ಇತ್ತು ಇಲ್ಲಾ ನೀವು ತಪ್ಪಿ ಪಕ್ಕದ ಗಂಟು ಹಿಡಿದಿರಿ, ಒಂದ್ಸಲ ಆ ಜಾಗವನ್ನು ತೆರೆದು ನೋಡಿ. ಉಳಿದ ಏಳರ ಸರಾಸರಿ 75.7, ಹಾಗಾಗಿ 76 ಹಾಕಿ.

66ರಿಂದ 84, ಅಂದ್ರೆ 18 ಮಿಲಿಸೆಕೆಂಡ್ ವ್ಯತ್ಯಾಸ. ನಿಮ್ಮ ಸ್ಕ್ರೀನ್ 60 ಹರ್ಟ್ಸ್ ಇರಬೇಕು, ಗೇಮ್ ಅದಕ್ಕೆ ಕಟ್ಟಿಕೊಂಡು ಓಡಿದ್ರೆ 16.7 ಮಿಲಿಸೆಕೆಂಡಿಗೆ ಒಂದ್ಸಲ ಮಾತ್ರ ‘ಕೀ ಒತ್ತಿದ್ರಾ’ ಅಂತ ನೋಡ್ತದೆ. ಬಸ್ಸಿನ ಲೆಕ್ಕ. ಬಸ್ ಬರುವಾಗಲೇ ಸ್ಟ್ಯಾಂಡಿಗೆ ಹೋದವ ಕಾಯುದಿಲ್ಲ, ಬಸ್ ಹೋದ ಕೂಡಲೇ ಹೋದವ ಮುಂದಿನ ಬಸ್ಸಿನವರೆಗೆ ಕಾಯಬೇಕು. ಅದರ ಮೇಲೆ ಕೀಬೋರ್ಡ್ ಬೇರೆ, ಸಾದಾ ಯುಎಸ್‌ಬಿ ಕೀಬೋರ್ಡ್‌ಗಳು ಸೆಕೆಂಡಿಗೆ 125 ಸಲ, ಅಂದ್ರೆ 8 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕೊಡುದು. ಗೇಮನ್ನು ಸ್ಕ್ರೀನಿಗೆ ಕಟ್ಟುವ ವಿ ಸಿಂಕ್ ಸೆಟ್ಟಿಂಗ್ ಆಫ್ ಮಾಡಿ, ಫ್ರೇಮ್ ಲಿಮಿಟ್ ತೆಗೆದು ಪುನಃ ಹತ್ತು ಸಲ ಅಳೆಯಿರಿ, ಸರಾಸರಿಯೂ ಇಳೀತದೆ, ಚೆದುರುದೂ ಕಮ್ಮಿ ಆಗ್ತದೆ. ಓಸುವಿನಲ್ಲಿ ಓವರಾಲ್ ಡಿಫಿಕಲ್ಟಿ (ಎಷ್ಟು ಕಷ್ಟ ಅನ್ನುವ ನಂಬರ್) 8ರ ಮ್ಯಾಪಿಗೆ, ಅಂದ್ರೆ ಹಾಡಿನ ನೋಟ್ ಜೋಡಣೆಗೆ, ಒಂದು ನೋಟಿನ ಪೂರ್ತಿ 300 ಮಾರ್ಕ್ ಸಿಗ್ಬೇಕಾದ್ರೆ ಆಚೆ ಈಚೆ 32 ಮಿಲಿಸೆಕೆಂಡಿನ ಒಳಗೆ ಒತ್ತಬೇಕು, ಅದರಲ್ಲಿ 18 ನಿಮ್ಮ ಮಿಷನ್ನೇ ತಿಂದ್ರೆ ಕೈಗೆ ಎಂತ ಉಳೀತದೆ ಹೇಳಿ.

ಇನ್ನೊಂದು, ಹಿಟ್‌ಸೌಂಡಿನ ಫೈಲನ್ನೇ ಒಮ್ಮೆ ಆಡಾಸಿಟಿಯಲ್ಲಿ ತೆರೆದು ನೋಡಿ. ಡೌನ್‌ಲೋಡ್ ಮಾಡಿದ ಸ್ಕಿನ್ನುಗಳಲ್ಲಿ (ಗೇಮಿನ ನೋಟ, ಸೌಂಡ್ ಬದಲಾಯಿಸುವ ಫೈಲುಗಳು) ಕೆಲವು ಸೌಂಡಿಗೆ ಮೊದಲೇ 10, 15 ಮಿಲಿಸೆಕೆಂಡ್ ಖಾಲಿ ಇರ್ತದೆ, ಅದು ನಿಮ್ಮ ಅಳತೆಗೆ ಸುಮ್ಮನೆ ಸೇರಿಕೊಳ್ತದೆ. ಇದ್ರೆ ಕಳೆದುಬಿಡಿ.

ಪ್ರಶ್ನೆ: ಗೇಮಿನ ಒಳಗೇ ಕ್ಯಾಲಿಬ್ರೇಶನ್ ಉಂಟಲ್ಲ, ಬೀಟಿಗೆ ಸರಿಯಾಗಿ ಟ್ಯಾಪ್ ಮಾಡಿದ್ರೆ ಅದೇ ಆಫ್‌ಸೆಟ್ ಹೇಳ್ತದೆ. ಮತ್ತೆ ರೆಕಾರ್ಡಿಂಗ್ ಎಲ್ಲ ಎಂತಕ್ಕೆ? ಆದ್ರೆ ನಂಗೆ ಬೆಳಿಗ್ಗೆ ಒಂದು ನಂಬರ್ ಬರ್ತದೆ, ರಾತ್ರಿ ಇನ್ನೊಂದು. (ಪೆರ್ಲದಿಂದ)

ಉತ್ತರ: ನಿಮ್ಮ ಎರಡನೇ ವಾಕ್ಯವೇ ಮೊದಲನೆಯದಕ್ಕೆ ಉತ್ತರ. ಟ್ಯಾಪ್ ಮಾಡಿ ನೋಡಿದ್ರೆ ಮಿಷನಿನ ತಡದ ಜೊತೆ ನಿಮ್ಮ ಬೆರಳಿನ ಅಭ್ಯಾಸವೂ ಸೇರ್ತದೆ. ಮನುಷ್ಯ ಮೆಟ್ರೊನೋಮಿಗೆ ಬೆರಳು ತಟ್ಟುವಾಗ ಶಬ್ದ ಬರುವ ಮೊದಲೇ ತಟ್ತಾನೆ, ಕೆಲವು ಹತ್ತು ಮಿಲಿಸೆಕೆಂಡ್ ಮುಂಚೆ, ಮತ್ತೆ ಅವನಿಗೇ ಅದು ಸರಿಯಾಗಿ ಬಿತ್ತು ಅಂತ ಅನಿಸ್ತದೆ. ಸಂಗೀತ ಕಲಿತವರಲ್ಲಿ ಇದು ಕಮ್ಮಿ. ಮನಃಶಾಸ್ತ್ರದವರು ತುಂಬ ವರ್ಷದಿಂದ ನೋಡಿಕೊಂಡು ಬಂದ ಸಂಗತಿ ಇದು. ನಿದ್ದೆ ಕಮ್ಮಿ ಆದ್ರೆ, ವಾಲ್ಯೂಮ್ ಕಮ್ಮಿ ಇದ್ರೆ, ಬೀಟ್ ನಿಧಾನ ಇದ್ರೆ ಬೆರಳು ಬೇರೆ ತರ ನಡೀತದೆ. ಕಿವಿ ಇನ್ನೂ ವಿಚಿತ್ರ, ಹತ್ತು ನಿಮಿಷ ತಪ್ಪು ಆಫ್‌ಸೆಟಲ್ಲಿ ಆಡಿದ್ರೆ ಅದಕ್ಕೇ ಹೊಂದಿಕೊಂಡು ಅದನ್ನೇ ಸರಿ ಅಂತ ಹೇಳ್ಲಿಕ್ಕೆ ಶುರು ಮಾಡ್ತದೆ.

ಹಾಗಂತ ಟ್ಯಾಪ್ ಪೂರ್ತಿ ಬೇಡ ಅಂತಲ್ಲ. ಮೊದ್ಲು ರೆಕಾರ್ಡ್ ಮಾಡಿ ಮಿಷನಿನ ತಡ ಎಷ್ಟು ಅಂತ ಗಟ್ಟಿ ಮಾಡಿ, ಅದು ಬೆಳಿಗ್ಗೆಗೂ ರಾತ್ರಿಗೂ ಒಂದೇ. ಅದರ ಮೇಲೆ ನಿಮ್ಮ ಬೆರಳಿಗೆ ಐದು ಹತ್ತು ಬೇಕಿದ್ರೆ ಆಮೇಲೆ ಸೇರಿಸಿ. ಮೊದಲೇ ಎರಡನ್ನೂ ಕಲಸಿದ್ರೆ ಯಾವುದು ಯಾವುದರದ್ದು ಅಂತ ಮತ್ತೆ ಬಿಡಿಸ್ಲಿಕ್ಕೆ ಆಗುದಿಲ್ಲ.

ಪ್ರಶ್ನೆ: ಸ್ಟೆಪ್‌ಮೇನಿಯಾಕ್ಕೆ ನಾನೇ ಒಂದು ಹಾಡಿನ ಚಾರ್ಟ್, ಅಂದ್ರೆ ಯಾವ ನೋಟ್ ಯಾವಾಗ ಅನ್ನುವ ಫೈಲ್, ಮಾಡಿದೆ. ಶುರುವಿಗೆ ಎಲ್ಲ ಸರಿ, ಮೂರನೇ ನಿಮಿಷಕ್ಕೆ ಬರುವಾಗ ನೋಟ್ ಎಲ್ಲ ಜಾರಿ ಹೋಗಿರ್ತದೆ. ಆಫ್‌ಸೆಟ್ ಬದಲಾಯಿಸಿದ್ರೆ ಕೊನೆ ಸರಿಯಾಗ್ತದೆ, ಶುರು ಹಾಳು. ಫೈಲನ್ನು ಎಂಪಿತ್ರೀ ಮಾಡಿದ ಮೇಲೆ ಇನ್ನೂ ಸ್ವಲ್ಪ ಹಾಳಾಯ್ತು. (ಮಂಜೇಶ್ವರದಿಂದ)

ಉತ್ತರ: ನಿಮ್ಮದು ಎರಡು ಬೇರೆ ಬೇರೆ ರೋಗ. ಮೊದಲಿನದ್ದು ಬಿಪಿಎಂ ತಪ್ಪು, ಅದಕ್ಕೆ ಆಫ್‌ಸೆಟ್ ಮದ್ದಲ್ಲ. 150ರ ಬದಲು 150.1 ಅಂತ ಹಾಕಿದ್ರೂ ಮೂರು ನಿಮಿಷಕ್ಕೆ 120 ಮಿಲಿಸೆಕೆಂಡ್ ಜಾರ್ತದೆ. ಆಡಾಸಿಟಿಯಲ್ಲಿ ಹಾಡಿನ ಮೊದಲ ದಪ್ಪ ಪೆಟ್ಟು ಎದ್ದ ಜಾಗದಿಂದ ಕೊನೆಯ ಪೆಟ್ಟು ಎದ್ದ ಜಾಗದವರೆಗೆ ಸೆಲೆಕ್ಟ್ ಮಾಡಿ, ನಡುವೆ ಎಷ್ಟು ಬೀಟ್ ಎಣಿಸಿ, 60ರಿಂದ ಗುಣಿಸಿ ಸೆಕೆಂಡಿಂದ ಭಾಗಿಸಿ. 400 ಬೀಟಿಗೆ 159.89 ಸೆಕೆಂಡ್ ಆದ್ರೆ 150.1. ಸಣ್ಣ ತುಂಡು ಹಿಡಿದು ಲೆಕ್ಕ ಹಾಕ್ಲೇಬೇಡಿ, 10 ಸೆಕೆಂಡಿನ ತುಂಡಲ್ಲಿ 10 ಮಿಲಿಸೆಕೆಂಡ್ ಕೈ ತಪ್ಪಿದ್ರೆ 150 ಇದ್ದದ್ದು 150.15 ಆಗ್ತದೆ, ಅದೇ ಕೈ ತಪ್ಪು 160 ಸೆಕೆಂಡಿನ ತುಂಡಲ್ಲಿ 150.01.

ಎರಡನೆಯದ್ದು ಎಂಪಿತ್ರೀಯ ಹುಟ್ಟುಗುಣ. ಆ ತರ ಕುಗ್ಗಿಸುವಾಗ ಫೈಲಿನ ಶುರುವಿಗೆ ಸ್ವಲ್ಪ ಖಾಲಿ ಸೇರ್ತದೆ. ಲೇಮ್ ಅನ್ನುವ ಎನ್‌ಕೋಡರಲ್ಲಿ 576 ಸ್ಯಾಂಪಲ್, ಬಿಚ್ಚುವಾಗ ಇನ್ನೂ 529, ಒಟ್ಟು 1105, ಅಂದ್ರೆ 44100 ರೇಟಲ್ಲಿ 25 ಮಿಲಿಸೆಕೆಂಡ್. ಕೆಲವು ಪ್ಲೇಯರುಗಳು ಇದನ್ನು ಓದಿ ಕಳೀತವೆ, ಕೆಲವು ಕಳೆಯುದಿಲ್ಲ, ಅದಕ್ಕೇ ಆಡಾಸಿಟಿಯಲ್ಲಿ ಸರಿ ಇದ್ದದ್ದು ಗೇಮಲ್ಲಿ ತಪ್ಪುದು. ಎಂಪಿತ್ರೀ ಬದಲು ಓಜಿಜಿ ಅನ್ನುವ ಇನ್ನೊಂದು ತರದ ಆಡಿಯೋ ಫೈಲ್ ಮಾಡಿ ಇಡಿ, ಸ್ಟೆಪ್‌ಮೇನಿಯಾ, ಓಸು ಎರಡೂ ತಕ್ಕೊಳ್ತವೆ. ಎಂಪಿತ್ರೀಯೇ ಬೇಕಾದ್ರೆ ಎಂಪಿತ್ರೀ ಮಾಡಿದ ಮೇಲೆಯೇ ಚಾರ್ಟ್ ಕೂರಿಸಿ, ಮತ್ತೆ ಆ ಫೈಲನ್ನು ಮುಟ್ಟಬೇಡಿ.

ಚಾರ್ಟ್ ಸರಿ ಕೂತಿದ್ಯಾ ನೋಡ್ಲಿಕ್ಕೆ ಎಫ್7 ಒತ್ತಿದ್ರೆ ಸ್ಟೆಪ್‌ಮೇನಿಯಾ ಪ್ರತಿ ನೋಟಿಗೂ ಒಂದು ಚಪ್ಪಾಳೆ ಹಾಕ್ತದೆ. ವಿಂಡೋಸಲ್ಲಿ ಆಡಾಸಿಟಿಯ ಹೋಸ್ಟನ್ನು ವಾಸಾಪಿ ಮಾಡಿ ಸ್ಪೀಕರಿನ ಲೂಪ್‌ಬ್ಯಾಕ್ ಆರಿಸಿ ಆ ಸೌಂಡನ್ನು ಒಳಗಿಂದಲೇ ರೆಕಾರ್ಡ್ ಮಾಡಿ, ಚಪ್ಪಾಳೆ ಮತ್ತು ಹಾಡಿನ ಪೆಟ್ಟು ಅಕ್ಕಪಕ್ಕ ಬೀಳ್ತದಾ ಕಣ್ಣಲ್ಲೇ ನೋಡಬಹುದು. ಒಂದು ಎಚ್ಚರ ಮಾತ್ರ, ಲೂಪ್‌ಬ್ಯಾಕ್ ಸೌಂಡ್ ಹೊರಗೆ ಹೋಗುವ ಮೊದಲೇ ಹಿಡೀತದೆ, ಇಯರ್‌ಫೋನಿನ ತಡ ಅದರಲ್ಲಿ ಇರುದಿಲ್ಲ. ಹಾಡಿಗೂ ಚಾರ್ಟಿಗೂ ಲೂಪ್‌ಬ್ಯಾಕ್, ಗೇಮಿಗೂ ಕಿವಿಗೂ ಮೈಕ್.

ಪ್ರಶ್ನೆ: ನಮ್ಮ ಊರಿನ ಯಕ್ಷಗಾನ ಆಟದ ರೆಕಾರ್ಡಿಂಗ್ ಉಂಟು, ಒಳ್ಳೆ ಚೆಂಡೆಯ ಒಂದು ಪದ, ತ್ರಿವುಡೆ ತಾಳ. ಅದನ್ನು ಓಸುವಿನಲ್ಲಿ ಆಡುವ ಹಾಗೆ ಮಾಡ್ಬೇಕು ಅಂತ ಆಸೆ. ಆದ್ರೆ ಯಾವ ಬಿಪಿಎಂ ಹಾಕಿದ್ರೂ ನಾಲ್ಕು ಸುತ್ತು ಆಗುವಾಗ ತಪ್ಪುತ್ತದೆ. ಯಕ್ಷಗಾನಕ್ಕೆ ಇದು ಆಗುದಿಲ್ವಾ? (ಮುಳ್ಳೇರಿಯದಿಂದ)

ಉತ್ತರ: ಆಗ್ತದೆ, ಖಂಡಿತ ಆಗ್ತದೆ, ಮತ್ತೆ ನೀವು ಇದನ್ನು ಮಾಡಿ ಮುಗಿಸ್ಬೇಕು ಅಂತ ನಂದೂ ಆಸೆ. ಕಾಸರಗೋಡಿನ ಮಕ್ಕಳು ಜಪಾನಿನ ಹಾಡಿಗೆ ಬೆರಳು ಕುಣಿಸುವಾಗ ತೆಂಕುತಿಟ್ಟಿನ ಚೆಂಡೆಗೂ ಕುಣಿಸ್ಲಿ.

ಬಿಪಿಎಂ ನಿಲ್ಲದೆ ಇರುದು ಯಾಕಂದ್ರೆ ಅಲ್ಲಿ ಮೆಟ್ರೊನೋಮ್ ಇಲ್ಲ, ಭಾಗವತರು ಇದ್ದಾರೆ. ವೇಷ ಕುಣಿತಕ್ಕೆ ಏರಿದ್ರೆ ಪದ ಏರ್ತದೆ, ಭಾವ ಬಂದಲ್ಲಿ ಒಂದು ಚೂರು ಎಳೀತಾರೆ, ಬಿಡ್ತಿಗೆ ಬರುವಾಗ ಇನ್ನೊಂದು ಗತಿ. ಅದನ್ನು ಒಂದು ನಂಬರಿಗೆ ಕಟ್ಟಿ ಹಾಕ್ಲಿಕ್ಕೆ ಹೋದ್ರೆ ಪದವೇ ಸಾಯ್ತದೆ. ಕೆಲವರು ಆಡಿಯೋವನ್ನೇ ಎಳೆದು ಕುಗ್ಗಿಸಿ ಒಂದೇ ಬಿಪಿಎಂಗೆ ತರ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಹಾಡು ಇದ್ದ ಹಾಗೆ ಇರ್ಲಿ, ಗೇಮೇ ಅದರ ಹಿಂದೆ ಬರ್ಲಿ.

ಓಸುವಿನಲ್ಲಿ ಎಷ್ಟು ಬೇಕಾದ್ರೂ ಟೈಮಿಂಗ್ ಪಾಯಿಂಟ್ ಹಾಕಬಹುದು, ಪ್ರತಿಯೊಂದಕ್ಕೂ ಎಲ್ಲಿ ಶುರು, ಒಂದು ಬೀಟಿಗೆ ಎಷ್ಟು ಮಿಲಿಸೆಕೆಂಡ್, ಒಂದು ಸುತ್ತಿಗೆ ಎಷ್ಟು ಬೀಟ್ ಅಂತ ಹೇಳಿದ್ರೆ ಸಾಕು. ತ್ರಿವುಡೆಗೆ ಏಳು ಅಕ್ಷರ, ಹಾಗಾಗಿ ಮೀಟರ್, ಅಂದ್ರೆ ಸುತ್ತಿಗೆ ಎಷ್ಟು ಬೀಟ್ ಅನ್ನುದನ್ನು, ಏಳು ಮಾಡಿ, ನಾಲ್ಕೇ ಇರ್ಲಿ ಅಂತ ಬಿಟ್ರೆ ಗೆರೆಗಳೆಲ್ಲ ಎಲ್ಲೆಲ್ಲೋ ಬೀಳ್ತವೆ. ಝಂಪೆ ಆದ್ರೆ ಹತ್ತು. ಆಮೇಲೆ ಪ್ರತಿ ಆವರ್ತದ, ಅಂದ್ರೆ ತಾಳದ ಪ್ರತಿ ಸುತ್ತಿನ, ಶುರುವಿಗೆ ಒಂದು ಪಾಯಿಂಟ್.

ಆ ಶುರು ಹುಡುಕುದರಲ್ಲೇ ನಿಜವಾದ ಕೆಲಸ ಇರುದು. ಆಡಾಸಿಟಿಯಲ್ಲಿ ತೆರೆದ್ರೆ ಚೆಂಡೆಯ ಪೆಟ್ಟು ಗೋಡೆಯ ಹಾಗೆ ನೇರ ಎದ್ದು ನಿಲ್ತದೆ, ನೋಡ್ಲಿಕ್ಕೆ ಖುಷಿ, ಆದ್ರೆ ಅದನ್ನು ನಂಬಿ ಆವರ್ತ ಗುರುತು ಹಾಕ್ಬೇಡಿ. ಚೆಂಡೆಯವರು ತಾಳದ ನಡುವೆ ಬೇಕಾದ ಹಾಗೆ ನುಡಿಸ್ತಾರೆ, ಎಷ್ಟೋ ಸಲ ಮೊದಲ ಅಕ್ಷರಕ್ಕೆ ಪೆಟ್ಟೇ ಇರುದಿಲ್ಲ. ಹಿಡಿಯಬೇಕಾದ್ದು ಭಾಗವತರ ಕೈಯ ಜಾಗಟೆ ಇಲ್ಲಾ ತಾಳದ ಶಬ್ದ. ಅದು ಗದ್ದಲದ ಒಳಗೆ ಹೂತಿರ್ತದೆ, ಅದಕ್ಕೆ ಒಂದು ಉಪಾಯ: ಟ್ರ್ಯಾಕಿನ ಇನ್ನೊಂದು ಕಾಪಿ ಮಾಡಿ, ಆ ಕಾಪಿಗೆ ಮಾತ್ರ ಹೈ ಪಾಸ್ ಫಿಲ್ಟರ್ 4000 ಹರ್ಟ್ಸಿಗೆ ಹಾಕಿ. ಮದ್ದಳೆಯ ಗುಂಯ್ ಅನ್ನುದು, ಭಾಗವತರ ಸ್ವರ ಎಲ್ಲ ತಗ್ಗಿ ಲೋಹದ ಟಿಣ್ ಮೇಲೆ ಬರ್ತದೆ. ಸ್ಪೆಕ್ಟ್ರೋಗ್ರಾಮ್ (ಯಾವ ಶ್ರುತಿಯ ಶಬ್ದ ಯಾವಾಗ ಅಂತ ತೋರಿಸುವ ಚಿತ್ರ) ಮಾಡಿ ನೋಡಿದ್ರೆ ಅದು ಮೇಲಿನಿಂದ ಇಳಿಬಿಟ್ಟ ನೂಲಿನ ಹಾಗೆ ಕಾಣ್ತದೆ. ಹಾಡು ಕೇಳ್ತಾ ಆವರ್ತ ಶುರು ಆದಾಗೆಲ್ಲ ಕಂಟ್ರೋಲ್ ಎಂ ಒತ್ತಿ, ಅಲ್ಲಲ್ಲಿ ಲೇಬಲ್ ಬೀಳ್ತದೆ. ನಿಮ್ಮ ಕೈ ಸ್ವಲ್ಪ ಆಚೆ ಈಚೆ ಆಗಿರ್ತದೆ, ಮತ್ತೆ ಒಂದೊಂದನ್ನೇ ದೊಡ್ಡದು ಮಾಡಿ ಆ ನೂಲಿನ ಬುಡಕ್ಕೆ ಎಳೆದು ಕೂರಿಸಿ. ನಾನು ನಾಲ್ಕು ನಿಮಿಷದ ಒಂದು ಪದಕ್ಕೆ ಹೀಗೆ ಕೂತದ್ದು ಮಳೆಗಾಲದ ಎರಡು ರಾತ್ರಿ, ಹೊರಗೆ ಶೀಟಿನ ಮೇಲೆ ಮಳೆ ಸುರೀತಾ ಇತ್ತು, ಇಯರ್‌ಫೋನಲ್ಲಿ ಒಂದೇ ಆವರ್ತ ಇಪ್ಪತ್ತು ಸಲ. ಎರಡನೇ ರಾತ್ರಿ ಮುಗಿಯುವಾಗ ಭಾಗವತರು ಎಲ್ಲಿ ಎಳೆದದ್ದು, ಎಲ್ಲಿ ಬಿಟ್ಟದ್ದು ಅಂತ ನಂಗೆ ಬಾಯಿಪಾಠ ಆಗಿತ್ತು. ಹತ್ತು ವರ್ಷ ಕೇಳಿದ ಪದ, ಅಷ್ಟು ಹತ್ತಿರದಿಂದ ಯಾವತ್ತೂ ಕೇಳಿರ್ಲಿಲ್ಲ.

ಲೇಬಲ್ ಎಲ್ಲ ಕೂತ ಮೇಲೆ ಎಕ್ಸ್‌ಪೋರ್ಟ್ ಲೇಬಲ್ಸ್ ಮಾಡಿದ್ರೆ ಟೆಕ್ಸ್ಟ್ ಫೈಲಲ್ಲಿ ಸೆಕೆಂಡಿನ ಲೆಕ್ಕ ಬರ್ತದೆ. ಒಂದು ಲೇಬಲಿಂದ ಮುಂದಿನದ್ದಕ್ಕೆ 2.87 ಸೆಕೆಂಡ್ ಆದ್ರೆ ಏಳರಿಂದ ಭಾಗಿಸಿ, ಒಂದು ಅಕ್ಷರಕ್ಕೆ 410 ಮಿಲಿಸೆಕೆಂಡ್, ಅಂದ್ರೆ 146.3 ಬಿಪಿಎಂ. ಮುಂದಿನ ಆವರ್ತ 2.80 ಆದ್ರೆ 400 ಮಿಲಿಸೆಕೆಂಡ್, ಸರೀ 150. ನಿಮ್ಮ ‘ನಾಲ್ಕು ಸುತ್ತಿಗೆ ತಪ್ಪುದು’ ಯಾಕೆ ಅಂತ ಈಗ ಕಾಣ್ತದಲ್ಲ, ಆವರ್ತಕ್ಕೆ 70 ಮಿಲಿಸೆಕೆಂಡ್ ತರ ನಾಲ್ಕು ಸುತ್ತಿಗೆ 280. ಎಕ್ಸೆಲಲ್ಲಿ ಹಾಕಿದ್ರೆ ಒಂದು ಗಂಟೆಯ ಕೆಲಸ.

ಆಟ ದೂರದಿಂದ ರೆಕಾರ್ಡ್ ಆಗಿದ್ರೂ ಚಿಂತೆ ಇಲ್ಲ, ಚೆಂಡೆ, ಮದ್ದಳೆ, ತಾಳ ಮೂರೂ ಅಕ್ಕಪಕ್ಕದಲ್ಲೇ ನುಡಿಸುದು, ಎಲ್ಲ ಒಟ್ಟಿಗೇ ತಡ ಆಗಿ ಬಂದಿರ್ತವೆ. ಮತ್ತೆ ಒಂದು ಮಾತು, ನಾಲ್ಕು ಜನಕ್ಕೆ ಕೊಡುವ ಮೊದಲು ಭಾಗವತರನ್ನೂ ಮೇಳದವರನ್ನೂ ಹೋಗಿ ಕೇಳಿ. ಅವರ ಸ್ವರ, ಅವರ ಕೈ.

ಪ್ರಶ್ನೆ: ಗೇಮ್ ಅಲ್ಲ, ಭಜನೆಯ ವಿಷಯ. ಹಾರ್ಮೋನಿಯಂ ಮೊದ್ಲು ರೆಕಾರ್ಡ್ ಮಾಡಿ, ಅದನ್ನು ಕೇಳ್ತಾ ಆಡಾಸಿಟಿಯಲ್ಲಿ ತಬಲಾ ಹಾಕಿದ್ರೆ ತಬಲಾ ಪ್ರತಿ ಸಲ ಸ್ವಲ್ಪ ಜಾರಿ ಬೀಳ್ತದೆ. ತಬಲಾದವರಿಗೆ ಹೇಳ್ಲಿಕ್ಕೆ ಸಂಕೋಚ. (ಕುಂಬಳೆಯಿಂದ)

ಉತ್ತರ: ತಬಲಾದವರಿಗೆ ಹೇಳ್ಲೇಬೇಡಿ, ಇದೂ ಅದೇ ತಡ. ಆಡಾಸಿಟಿಯ ಪ್ರಿಫರೆನ್ಸಲ್ಲಿ ಲೇಟೆನ್ಸಿ ಕಾಂಪೆನ್ಸೇಶನ್ ಅಂತ ಉಂಟು, ಅದು ಮೊದಲೇ ಮೈನಸ್ 130 ಅಂತ ಇರ್ತದೆ, ನಿಮ್ಮ ಮಿಷನಿಗೆ ಅದು ಸರಿ ಇರಬೇಕಂತಿಲ್ಲ. ಜನರೇಟ್ ಮೆನುವಿನಿಂದ ರಿದಮ್ ಟ್ರ್ಯಾಕ್ ಮಾಡಿ, ಇಯರ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು ಅದು ಓಡ್ತಾ ಇರುವಾಗಲೇ ಎರಡನೇ ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಎರಡು ಟ್ರ್ಯಾಕಿನ ಟಕ್ ಟಕ್ ಮೇಲೆ ಕೆಳಗೆ ಸರೀ ಕೂತ್ರೆ ಮುಗೀತು. ಎರಡನೆಯದ್ದು 35 ಮಿಲಿಸೆಕೆಂಡ್ ಬಲಕ್ಕೆ ಬಿದ್ರೆ ಮೈನಸ್ 165 ಮಾಡಿ, ಎಡಕ್ಕೆ ಬಿದ್ರೆ ಮೈನಸ್ 95. ತಬಲಾದವರು ಬ್ಲೂಟೂತ್ ಹಾಕಿ ಕೂರಬಾರದು. ಅದರ ಮೈಕನ್ನೂ ಉಪಯೋಗಿಸಬಾರದು, ಮೈಕ್ ಆನ್ ಆದ ಕೂಡಲೇ ಬ್ಲೂಟೂತ್ ಫೋನ್ ಕರೆಯ ಮೋಡಿಗೆ ಹೋಗಿ ಸೌಂಡೂ ಹಾಳು, ತಡವೂ ಬೇರೆ ಆಗ್ತದೆ.

ಪ್ರಶ್ನೆ: ಟಿವಿಗೆ ಹಾಕಿ ಆಡಿದ್ರೆ ಸೌಂಡ್ ಸರಿ ಇದ್ರೂ ಚಿತ್ರ ಹಿಂದೆ. ಇದನ್ನು ಆಡಾಸಿಟಿಯಲ್ಲಿ ಅಳೀಲಿಕ್ಕೆ ಆಗ್ತದಾ? (ಬದಿಯಡ್ಕದಿಂದ)

ಉತ್ತರ: ಚಿತ್ರಕ್ಕೆ ಶಬ್ದ ಇಲ್ಲ, ಹಾಗಾಗಿ ಅದರಲ್ಲಿ ಆಗುದಿಲ್ಲ. ಮೊದ್ಲು ಟಿವಿಯ ಪಿಕ್ಚರ್ ಸೆಟ್ಟಿಂಗಲ್ಲಿ ಗೇಮ್ ಮೋಡ್ ಹಾಕಿ, ಹೆಚ್ಚಿನ ತಡ ಅಲ್ಲೇ ಹೋಗ್ತದೆ, ಟಿವಿ ಚಿತ್ರ ಚಂದ ಮಾಡ್ಲಿಕ್ಕೆ ಅಂತ ತಕ್ಕೊಳ್ಳುವ ಸಮಯ ಅದು. ಉಳಿದದ್ದನ್ನು ಅಳೀಬೇಕಾದ್ರೆ ಫೋನಲ್ಲಿ 240 ಫ್ರೇಮಿನ ಸ್ಲೋ ಮೋಶನ್ ಇದ್ರೆ ಬೆರಳು ಮತ್ತು ಟಿವಿ ಎರಡೂ ಕಾಣುವ ಹಾಗೆ ವಿಡಿಯೋ ಮಾಡಿ, ಬೆರಳು ಕೆಳಗೆ ಮುಟ್ಟಿದ ಫ್ರೇಮಿಂದ ಟಿವಿಯಲ್ಲಿ ಬದಲಾದ ಫ್ರೇಮಿನವರೆಗೆ ಎಣಿಸಿ. ಒಂದು ಫ್ರೇಮಿಗೆ 4.2 ಮಿಲಿಸೆಕೆಂಡ್. ಹನ್ನೆರಡು ಫ್ರೇಮ್ ಬಂದ್ರೆ 50. ಅದು ಬೆರಳಿಂದ ಚಿತ್ರದವರೆಗಿನ ಲೆಕ್ಕ, ಸೌಂಡಿನದ್ದು ಮೈಕಲ್ಲಿ ಬೇರೆ ಅಳೆದಿರ್ತೀರಿ, ಎರಡರ ನಡುವಿನ ವ್ಯತ್ಯಾಸವನ್ನು ಗೇಮಿನ ವಿಡಿಯೋ ಆಫ್‌ಸೆಟಿಗೆ ಹಾಕಿ. ಟಿವಿಗೆ ಒಂದು ನಂಬರ್, ಲ್ಯಾಪ್‌ಟಾಪಿಗೆ ಇನ್ನೊಂದು, ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಹತ್ತಿರ ಅಂಟಿಸಿಡಿ, ಇಯರ್‌ಫೋನ್ ಬದಲಾಯಿಸಿದ ದಿನ ಪುನಃ ಅಳೆಯಿರಿ.